ಬಲಗೆನ್ನೆಯ ಮಚ್ಚೆ

ನಿನ್ನೆ ಮಧ್ಯಾಹ್ನ ಎರಡೂ ಕಾಲಿಗೆ, ಮೂರನೆಯ ಪ್ಲಾಟ್‌ಫಾರಂನಲ್ಲಿ, ಟಿಕೆಟ್ ಪರೀಕ್ಷಕರು ತಂಗಿಯ ಮೊಣಕೈ ಹಿಡಿದುಕೊಂಡು "ಇವಳು ನಿಮಗೆ ಏನಾಗಬೇಕು?" ಎಂದು ಕೇಳಿದಾಗ ಅಕ್ಕ "ಏನೂ ಆಗಬೇಕಾಗಿಲ್ಲ" ಎಂದಳು. ತನ್ನ ಪಾಸು ಬೆಳಿಗ್ಗೆಯೇ ಕಳೆದುಹೋಗಿತ್ತು ಎಂದೂ ಹೇಳಿದಳು.

ಇವತ್ತು ಬೆಳಿಗ್ಗೆ ಆರೂ ಹತ್ತರ ರೈಲಿನಲ್ಲಿ ಅಕ್ಕ ಬಾಗಿಲ ಪಕ್ಕದ ತಗಡಿಗೆ ಬೆನ್ನು ಒತ್ತಿ ನಿಂತಿದ್ದಳು. ಪಾಸು ಪರೀಕ್ಷಕರ ಮೇಜಿನ ಡ್ರಾಯರಿನಲ್ಲಿತ್ತು. ಟಿಕೆಟ್ ಕೊಳ್ಳಲೆಂದೇ ಸಾಲಿನಲ್ಲಿ ನಿಂತಿದ್ದಳು; ಮುಂದೆ ಮೂರೇ ಜನ ಉಳಿದಾಗ, ಹೋಗಿಬರುವ ಟಿಕೆಟ್ಟೆಂದರೆ ಇಬ್ಬರ ಎರಡು ದಿನದ ಊಟ ಎಂಬುದು ತಲೆಗಿಂತ ಮೊದಲು ಹೊಟ್ಟೆಗೇ ತಿಳಿದಂತಾಗಿ, ಏನನ್ನೋ ಮರೆತವಳ ಹಾಗೆ ಹಣೆ ಮುಟ್ಟಿಕೊಂಡು ಸಾಲು ಬಿಟ್ಟು ಬಂದಿದ್ದಳು. ಈಗ ಕಪ್ಪು ಕೋಟು ತೊಟ್ಟವರೆಲ್ಲ ಪರೀಕ್ಷಕರೇ. ಕೋಟಿಲ್ಲದವರು ಕೋಟು ಬಿಚ್ಚಿಟ್ಟು ಬಂದ ಪರೀಕ್ಷಕರು. ಎದುರಿಗೆ ಕೂತಿದ್ದ ಮುದುಕ ಕಿಸೆಗೆ ಕೈ ಹಾಕಿದರೆ ಅವಳ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡವು; ಅವನು ತೆಗೆದದ್ದು ಕರವಸ್ತ್ರ. ಹಿಂದೆಲ್ಲ ಎಂಟು ಡಬ್ಬಿ ಇದ್ದ ರೈಲಿಗೆ ಈಗ ಐದೇ ಡಬ್ಬಿ. ಒಂದು ವರ್ಷದಲ್ಲಿ ಎರಡು ಸಲ ದರ ಏರಿದೆ. ಬಾಗಿಲ ಮೇಲೆ ಸರ್ಕಾರದವರು ಅಂಟಿಸಿದ ಚಿತ್ರ: ಒಂದೇ ದೀಪದ ಕೆಳಗೆ ಗಂಡ, ಹೆಂಡತಿ, ಎರಡು ಮಕ್ಕಳು ನಗುತ್ತ ಊಟಕ್ಕೆ ಕೂತಿದ್ದಾರೆ; ಕೆಳಗೆ, 'ದುಂದು ಬೇಡ, ನಾಡು ಉಳಿಯಲಿ.' ಅದನ್ನು ಮೊದಲ ಸಲ ನೋಡಿದ ದಿನ ತಂಗಿ, "ನಗೋದಕ್ಕೆ ಇವರಿಗೆ ದಿನಕ್ಕಿಷ್ಟು ಅಂತ ಕೊಟ್ಟಿರ್ತಾರೆ ಬಿಡಕ್ಕಾ, ನಮಗೂ ಕೊಡಿಸು, ನಾನೂ ನಗ್ತೀನಿ" ಎಂದಿದ್ದಳು. ಆ ಚಿತ್ರದ ಹೆಂಗಸು ಇವತ್ತು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ಅಕ್ಕ ಮುಖ ತಿರುಗಿಸಿದಳು. ತಿರುಗಿಸಿದರೆ ಕಿಟಕಿಯ ಗಾಜಿನಲ್ಲಿ ತನ್ನದೇ ಮುಖ, ಎಡಗೆನ್ನೆಯಲ್ಲಿ ಮೆಣಸಿನ ಕಾಳಿನಷ್ಟು ಮಚ್ಚೆ. ಗಾಜಿನಲ್ಲಿ ಅದು ಯಾವ ಕಡೆಗಿತ್ತು ಎಂದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಒಂದು ಪಾಸು, ಒಂದು ಕೊಡೆ, ಒಂದು ಹಾಸಿಗೆ. ಆ ಕೋಣೆಗೆ ಬಂದ ವರ್ಷವೇ ಇಬ್ಬರೂ ಕೂತು ಯೋಚಿಸಿ ಮಾಡಿಕೊಂಡ ಏರ್ಪಾಡು. ಅಕ್ಕನಿಗೆ ಚಾದರ ಒಗೆಯುವ ಲಾಂಡ್ರಿಯಲ್ಲಿ ಬೆಳಿಗ್ಗೆ ಏಳರಿಂದ ಒಂದರ ತನಕ ಕೆಲಸ. ಲಾಂಡ್ರಿಯ ಮೊಹರು ಬಿದ್ದದ್ದರಿಂದ ಪಾಸು ಅರ್ಧ ದರಕ್ಕೆ. ತಂಗಿಗೆ ಆಫೀಸುಗಳ ನೆಲ ಒರೆಸುವ ಕೆಲಸ, ಮೂರರಿಂದ ಎಂಟು. ಅವಳಿಗೆ ಪಾಸು ಕೊಡಿಸುವವರಿಲ್ಲ. ಅಕ್ಕನ ರೈಲು ಎರಡಕ್ಕೆ ಬಂದು ನಿಲ್ಲುತ್ತದೆ, ತಂಗಿಯ ರೈಲು ಎರಡೂ ಕಾಲಿಗೆ ಹೊರಡುತ್ತದೆ. ನಡುವಿನ ಹದಿನೈದು ನಿಮಿಷದಲ್ಲಿ, ಪ್ಲಾಟ್‌ಫಾರಂ ತುದಿಯ ನಲ್ಲಿಯ ಹತ್ತಿರ, ಅಕ್ಕ ತಂಗಿಯಾಗಬೇಕು, ಅಲ್ಲ, ತಂಗಿ ಅಕ್ಕನಾಗಬೇಕು. ಮೂಗು ಒಂದೇ, ಹಣೆ ಒಂದೇ, ಇಬ್ಬರಿಗೂ ಅಪ್ಪನ ಹಾಗೆ ಕಿವಿ ಸ್ವಲ್ಪ ಮುಂದಕ್ಕೆ ಬಾಗಿದೆ. ಫೋಟೊ ತೆಗೆಸುವಾಗಲೇ ತಂಗಿ ಸ್ಟುಡಿಯೋಕ್ಕೆ ಜೊತೆಗೆ ಬಂದು, "ಜಾಸ್ತಿ ಚೆನ್ನಾಗಿ ಬರೋದು ಬೇಡ ಅಣ್ಣ, ಯಾರಾದ್ರೂ ಆಗಬಹುದು ಅನ್ನೋ ಹಾಗಿರಲಿ" ಎಂದು ಸ್ಟುಡಿಯೋದವನನ್ನು ನಗಿಸಿದ್ದಳು. ಮಚ್ಚೆಯೊಂದೇ ತೊಡಕು. ಅದಕ್ಕೆ ಕಣ್ಣಿಗೆ ಹಚ್ಚುವ ಕಪ್ಪು ಪೆನ್ಸಿಲು. ಅಕ್ಕ ಅದರ ಹಿಂತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ತಂಗಿಯ ಮುಖ ಹಿಡಿದು ಬೆಳಕಿಗೆ ತಿರುಗಿಸಿ, ಜಾಗ ಹುಡುಕಿ, ಆಮೇಲೆ ಪೆನ್ಸಿಲು ಕೈಗೆ ತೆಗೆದುಕೊಂಡು ಒಂದು ಚುಕ್ಕೆ ಇಡುತ್ತಿದ್ದಳು. ನಾಲ್ಕು ವರ್ಷ, ಭಾನುವಾರ ಬಿಟ್ಟು ದಿನಾ. "ನಿನ್ನ ಬಾಯಿ ವಾಸನೆ ನಂಗೆ ಅಭ್ಯಾಸ ಆಗಿಹೋಗಿದೆ" ಎನ್ನುತ್ತಿದ್ದಳು ತಂಗಿ, ಅಲುಗಾಡದೆ, ತುಟಿ ಮಾತ್ರ ಆಡಿಸಿ.

ನಿನ್ನೆ ರೈಲು ಹತ್ತು ನಿಮಿಷ ತಡ. ಲಾಂಡ್ರಿಯಲ್ಲಿ ಒಂದು ಚಾದರ ಸೀದು ಅಕ್ಕ ಎಲ್ಲರ ಮುಂದೆ ಬೈಸಿಕೊಂಡಿದ್ದಳು. ಇಳಿದ ಕೂಡಲೆ ತಂಗಿ ಪೆನ್ಸಿಲು ಹಿಡಿದು ಗದ್ದ ಎತ್ತಿ ನಿಂತಳು, ಗುಟುಕಿಗೆ ಕಾದ ಹಕ್ಕಿಮರಿಯ ಹಾಗೆ, ಮೂವತ್ತೊಂದು ವರ್ಷದ ಹೆಂಗಸು. ಅದನ್ನು ನೋಡಿ ಯಾಕೋ ಅಕ್ಕನಿಗೆ ರೇಗಿತು. "ಕನ್ನಡಿ ನೋಡ್ಕೊಂಡು ನೀನೇ ಇಟ್ಕೋ. ನಿನಗೇನು ಕೈಯಿಲ್ವಾ?" ಎಂದು ಪಾಸನ್ನು ಅವಳ ಕೈಗೆ ತುರುಕಿ ನಲ್ಲಿಗೆ ಬಾಯಿ ಹಚ್ಚಿದಳು. ತಂಗಿ ತೂಕದ ಯಂತ್ರದ ಕನ್ನಡಿಯ ಮುಂದೆ ನಿಂತು, ಪಾಸಿನ ಫೋಟೊ ಪಕ್ಕಕ್ಕೆ ಹಿಡಿದು, ಫೋಟೊದಲ್ಲಿ ಮಚ್ಚೆ ಯಾವ ಕಡೆಗಿತ್ತೋ ಕನ್ನಡಿಯಲ್ಲೂ ಅದೇ ಕಡೆಗೆ ಕಾಣುವಂತೆ, ಅಚ್ಚುಕಟ್ಟಾಗಿ ಇಟ್ಟುಕೊಂಡಳು. ಬಲಗೆನ್ನೆಯ ಮೇಲೆ. ಡಬ್ಬಿ ಹತ್ತುವಾಗ ಪರೀಕ್ಷಕರು ಪಾಸು ನೋಡಿದರು, ಅವಳನ್ನು ನೋಡಿದರು, ಪಾಸು ನೋಡಿದರು, ತಮ್ಮ ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಅವಳ ಕೆನ್ನೆಯನ್ನು ಉಜ್ಜಿದರು. ಡಬ್ಬಿಯೊಳಗೆ ಯಾರೋ ನಕ್ಕರು. ಆಗ ನಲ್ಲಿಯಿಂದ ತಲೆ ಎತ್ತಿದ ಅಕ್ಕನ ಮುಖದಲ್ಲಿ ಏನು ಕಂಡಿತೋ. ಪರೀಕ್ಷಕರ ಕಣ್ಣು ನೇರ ಅವಳ ಎಡಗೆನ್ನೆಯ ಮೇಲೆ ಬಂದು ನಿಂತಿತು. ತಂಗಿ ಅವಳ ಕಡೆ ತಿರುಗಿರಲಿಲ್ಲ. ಪಾಸು ನನ್ನದೇ ಎಂದು ಸಾಧಿಸುತ್ತಿದ್ದಳು. ಹಿಡಿದುಕೊಟ್ಟದ್ದು ತನ್ನ ಮುಖವೇ ಎಂಬುದು ಅಕ್ಕನಿಗೆ ಗೊತ್ತು.

ರೈಲು ನಿಂತಿತು. ಕೋಟಿನವರಾರೂ ಬಂದಿರಲಿಲ್ಲ. ಇಳಿಯುವಾಗ ಕಾಲು ತನ್ನದಲ್ಲವೆನ್ನುವಂತೆ ಜೋಮು ಹಿಡಿದಿತ್ತು. ಇಡೀ ದಾರಿ ಒಂಟಿಕಾಲಿನಲ್ಲಿ ನಿಂತು ಬಂದಿದ್ದಳು.

ಲಾಂಡ್ರಿಯಲ್ಲಿ ಚಾದರಗಳು ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಹೊರಬರುತ್ತಿದ್ದವು, ಒಂದಾದಮೇಲೊಂದು, ಹೊಟ್ಟೆ ತುಂಬಿದವರು ಮಲಗೆದ್ದ ಹೋಟೆಲುಗಳ ಚಾದರಗಳು. ಒಂದು ಚಾದರ ಮಡಚಲು ಇಬ್ಬರು ಬೇಕು. ಈ ತುದಿ ಅಕ್ಕನದು. ಆ ತುದಿ ಹಿಡಿಯುವವಳನ್ನು ಎಲ್ಲರೂ ಆಚೆತುದಿ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ, ಎರಡು ಹಲ್ಲು ಹೋದ, ಬಾಯಿಗೆ ಬೀಗವಿಲ್ಲದ ಹೆಂಗಸು. ಮೂಲೆಗೆ ಮೂಲೆ ಸೇರಿಸಿ, ನಡೆದು ಬಂದು ಎದೆಗೆದೆ ಎದುರಾಗಿ ಬೆರಳಿಗೆ ಬೆರಳು ಕೊಟ್ಟು, ಮತ್ತೆ ಹಿಂದಕ್ಕೆ.

"ಏನೇ, ಹೆಣಕ್ಕೆ ಹೊದಿಸೋ ಹಾಗೆ ಹಿಡಿದಿದ್ದೀಯ. ಎಳೆದು ಹಿಡಿ."

"ರಾತ್ರಿ ನಿದ್ದೆ ಇಲ್ಲ."

"ನಿದ್ದೆ ಯಾರಿಗಿದೆ ತಾಯಿ? ನಿದ್ದೆ ಮಾಡೋರ ಚಾದರ ಒಗೆಯೋದಷ್ಟೇ ನಮ್ಮ ಪಾಲಿಗೆ."

ನಿನ್ನೆ ತಂಗಿ ಹಳಿಯ ಪಕ್ಕದಲ್ಲಿ ನಡೆದುಕೊಂಡು ಕತ್ತಲಾದ ಮೇಲೆ ಮನೆಗೆ ಬಂದಿದ್ದಳು. ಅದೇ ರೈಲಿನಲ್ಲಿ ಪಟ್ಟಣದ ದೊಡ್ಡ ಸ್ಟೇಷನ್ನಿಗೆ ಕರೆದೊಯ್ದು, ಎರಡು ಗಂಟೆ ಕೂರಿಸಿಕೊಂಡು, ಗುರುತಿನ ಚೀಟಿ ಕಿತ್ತಿಟ್ಟುಕೊಂಡು, ನಾಳೆ ಮಧ್ಯಾಹ್ನ ಬಾ ಎಂದು ಬಿಟ್ಟಿದ್ದರು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಬಾಗಿಲ ಸದ್ದಿಗೆ ಅವಳು ಎದ್ದು ನಿಂತದ್ದು ತಪ್ಪೊಪ್ಪಿಕೊಳ್ಳಲಿಕ್ಕೋ ಓಡಲಿಕ್ಕೋ ಅವಳಿಗೇ ಗೊತ್ತಿರಲಿಲ್ಲ. ತಂಗಿ ಕಾಲು ತೊಳೆದಳು, ತಟ್ಟೆ ಹಾಕಿಕೊಂಡಳು, "ಉಪ್ಪು ಕಮ್ಮಿ" ಎಂದಳು. ಅಷ್ಟೆ. ಬಲಗೆನ್ನೆಯ ಮೇಲೆ ಬೂದಿಬಣ್ಣದ ಕಲೆ ಹಾಗೇ ಉಳಿದಿತ್ತು. ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಮಲಗಿದ ಮೇಲೆ, ಗೋಡೆಯ ಕಡೆ ಮುಖ ಮಾಡಿಕೊಂಡೇ ತಂಗಿ ಮಾತಾಡಿದಳು.

"ಕಳವು ಅಂತ ಬರ್ಕೊಂಡಿದ್ದಾರೆ. ನೀನು ಸಹಿ ಮಾಡ್ಬೇಕಂತೆ. ಮಾಡಿಬಿಡು."

ಅಕ್ಕ ಹಾಸಿಗೆಯ ಅಂಚಿಗೆ ಸರಿದಳು.

"ಮೂರು ತಿಂಗಳು ಅಂದ್ರು. ಲೆಕ್ಕ ಹಾಕಿದೆ. ಮೂರು ತಿಂಗಳು ಬಾಡಿಗೆ ಇಲ್ಲ, ಊಟ ಅವರದು, ರೈಲು ಚಾರ್ಜಿಲ್ಲ. ಇಷ್ಟು ಅಗ್ಗವಾಗಿ ನಾವು ಯಾವತ್ತೂ ಬದುಕಿಲ್ಲ ಕಣೆ." ಅದು ತಮಾಷೆ ಎಂದು ಅಕ್ಕನಿಗೆ ಗೊತ್ತಾಯಿತು. ಬೈದಿದ್ದರೆ, ಜುಟ್ಟು ಹಿಡಿದು ಎಳೆದಾಡಿದ್ದರೆ ಎದೆ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಕಳ್ಳಿ ಎಂದು ಒಂದು ಸಲ ದಾಖಲೆಯಾದವಳನ್ನು ಯಾವ ಆಫೀಸಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂರು ತಿಂಗಳಲ್ಲ ಅದು, ಉಳಿದ ಆಯಸ್ಸು. ಅದು ತಂಗಿಗೂ ಗೊತ್ತಿತ್ತು.

"ಮನೇಲಿ ಒಂದು ಸಂಬಳ ಆದ್ರೂ ಉಳೀಲಿ" ಎಂದು ತಂಗಿ ಹೊದಿಕೆ ಎಳೆದುಕೊಂಡಳು. ಅರ್ಧ ಹೊದಿಕೆಯನ್ನು ಅಕ್ಕನ ಕಡೆಗೆ ತಳ್ಳಿದಳು, ಎಂದಿನಂತೆ.

ಉರುಳೆಯ ಸದ್ದಿನ ನಡುವೆ ಮೇಲ್ವಿಚಾರಕಿ ಕೂಗಿದಳು. ಗಾಜಿನ ಕೋಣೆಯೊಳಗೆ ಹೋಗುವಾಗ ಅಕ್ಕ ಒದ್ದೆ ಕೈಯನ್ನು ಎರಡು ಸಲ ಒರೆಸಿಕೊಂಡಳು. ಮೇಲ್ವಿಚಾರಕಿ ಕೆಟ್ಟವಳಲ್ಲ. ಕೂರು ಎನ್ನುವುದಿಲ್ಲ, ಆದರೆ ನಿಂತವರ ಮುಖ ನೋಡಿ ಮಾತಾಡುತ್ತಾಳೆ.

"ರೈಲಿನವರು ಫೋನ್ ಮಾಡಿದ್ರು. ನಮ್ಮ ಮೊಹರಿರೋ ಪಾಸು. ಕಳವಾಯ್ತು ಅಂದ್ರೆ ನಮಗೂ ಅದಕ್ಕೂ ಸಂಬಂಧ ಇಲ್ಲ. ನೀನೇ ಕೊಟ್ಟಿದ್ದು ಅಂತಾದ್ರೆ ಇಲ್ಲಿರೋ ಅರವತ್ತು ಜನರ ಪಾಸೂ ರದ್ದು ಮಾಡ್ತಾರಂತೆ. ಅರವತ್ತು ಮನೆ ಶಾಪ ಹೊರ್ತೀಯಾ?"

"ಇಲ್ಲಮ್ಮ."

"ಹನ್ನೆರಡಕ್ಕೆ ಹೋಗು. ಅವರು ಏನು ಬರೆದಿದ್ದಾರೋ ಅದಕ್ಕೆ ಸಹಿ ಮಾಡು. ಒಂದು ಗಂಟೆ ಕೂಲಿ ಹಿಡಿಯಲ್ಲ ನಾನು. ಹೋಗು."

ಅಕ್ಕ ಕೈ ಮುಗಿದಳು. ಮುಗಿದ ಮೇಲೆ ಆ ಕೈಗಳನ್ನು ಎಲ್ಲಿಡುವುದು ತಿಳಿಯಲಿಲ್ಲ. ಒಂದು ಗಂಟೆಯ ಕೂಲಿ ಉಳಿಯಿತೆಂದು ಎದೆಯ ಯಾವುದೋ ಮೂಲೆಯಲ್ಲಿ ಸಣ್ಣಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಹಿಡಿದು ನೋಡಿದಾಗ ಮೈ ಬೆವೆತಿತು. ಎಲ್ಲ ದುಬಾರಿಯಾದ ಕಾಲದಲ್ಲಿ ಮನುಷ್ಯ ಹೀಗೂ ಅಗ್ಗವಾಗುತ್ತಾನೆ: ಒಳಗೊಳಗೇ, ಯಾರೂ ಚೌಕಾಸಿ ಮಾಡದೆ.

ವಾಪಸು ಬಂದು ತುದಿ ಹಿಡಿದಾಗ ಆಚೆತುದಿ ಚಾದರದ ಆಚೆಯಿಂದಲೇ ಪಿಸುಗುಟ್ಟಿದಳು. ಗಾಜು ಒಡೆದ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಪಾಸಲ್ಲಿ ಭಾನುವಾರ ಭಾನುವಾರ ನಮ್ಮತ್ತಿಗೆ ಓಡಾಡ್ತಾಳೆ. ಅವಳು ನನ್ನ ಎರಡರಷ್ಟಿದ್ದಾಳೆ. ಕೇಳಿದ್ರೆ ಊದಿಕೊಂಡಿದೆ ಅಂತಾಳೆ."

ಅಕ್ಕನಿಗೆ ನಗು ಬರಲಿಲ್ಲ. "ಅರವತ್ತು ಪಾಸು ರದ್ದು ಮಾಡ್ತಾರಂತೆ."

"ಮಾಡ್ಲಿ. ಆಮೇಲೆ ಇದನ್ನ ಯಾರು ಮಡಚ್ತಾರೆ? ಮೇಡಮ್ಮು ಒಂದು ತುದಿ, ಮೇಡಮ್ಮಿನ ಅಮ್ಮ ಇನ್ನೊಂದು ತುದೀನಾ?" ಚಾದರ ಹಿಡಿದು ನಡೆದು ಬಂದು, ಮೂಲೆ ಕೊಡುವಾಗ ಬೆರಳನ್ನು ಒಂದು ಕ್ಷಣ ಬಿಗಿಯಾಗಿ ಹಿಡಿದಳು. "ಹೆದರಿಸೋರ ಮಾತು ಅರ್ಧ ಗಾಳಿ. ಆದರೆ ನಾನು ಹೀಗಂದೆ ಅಂತ ಎಲ್ಲೂ ಹೇಳಬೇಡ ಮತ್ತೆ. ನಂಗೂ ಹೆದರಿಕೆನೇ."

ಹನ್ನೆರಡಕ್ಕೆ ಅಕ್ಕ ದೊಡ್ಡ ಸ್ಟೇಷನ್ನಿಗೆ ನಡೆದಳು. ಅರ್ಧ ಮುಚ್ಚಿದ ಅಂಗಡಿಗಳು. 'ಕೆಲಸ ಖಾಲಿ ಇಲ್ಲ' ಎಂಬ ಹಲಗೆಯನ್ನು ಕೇಳುವವರಿಗಿಂತ ಮೊದಲೇ ನೇತುಹಾಕಿದ ಬಾಗಿಲುಗಳು. ಪ್ರತಿ ತಿರುವಿನಲ್ಲೂ ಮನಸ್ಸು ಒಂದೊಂದು ಉಪಾಯ ತಂದಿಟ್ಟಿತು. ಹೋಗದೇ ಇದ್ದರೆ? ಜ್ವರ ಅಂದರೆ? ಸಹಿ ಮಾಡಿ, ಮೂರು ತಿಂಗಳು ಪ್ರತಿ ಭಾನುವಾರ ಊಟ ತೆಗೆದುಕೊಂಡು ಹೋದರೆ? ಹೋಗಿಬರಲು ಟಿಕೆಟ್ಟೆಷ್ಟಾದೀತು? ಆ ಯೋಚನೆಯ ಹತ್ತಿರ ಕಾಲು ತಡೆಯಿತು. ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುವಾಗ, ಟಿಕೆಟ್ ತಪ್ಪಿಸಲು ತಂಗಿಗೆ ನಾಲ್ಕು ವರ್ಷ ಎಂದು ಹೇಳಬೇಕಿತ್ತು. ಮೂರು ವರ್ಷ ಅವಳು ನಾಲ್ಕರಲ್ಲೇ ಇದ್ದಳು. ಹೇಳುವ ಕೆಲಸ ಅಕ್ಕನದು. ಅವಳ ಮುಖದಲ್ಲಿ ಸುಳ್ಳು ನಿಲ್ಲುತ್ತದೆ ಎಂದು ಅಮ್ಮ ಮೆಚ್ಚಿಕೊಂಡಿದ್ದಳು. "ನಾಲ್ಕು ಸಾರ್" ಎಂದು ಅಕ್ಕ ಹೇಳಿದ ಒಂದು ದಿನ, ತಂಗಿ ಅಮ್ಮನ ತೊಡೆಯಿಂದ ಜಾರಿ ಇಳಿದು, ಕಂಡಕ್ಟರನ ಮುಂದೆ ನೆಟ್ಟಗೆ ನಿಂತು, "ನಂಗೆ ಏಳು. ಮಗ್ಗಿ ಬರತ್ತೆ" ಎಂದಿದ್ದಳು. ಎರಡರ ಮಗ್ಗಿ ಶುರು ಮಾಡಿಯೂಬಿಟ್ಟಿದ್ದಳು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಟಿಕೆಟ್ ಹರಿದ. ಇಳಿದ ಮೇಲೆ ಅಮ್ಮ ತೊಡೆ ಚಿವುಟಿದ್ದು ತಂಗಿಯದನ್ನಲ್ಲ, ಅಕ್ಕನದನ್ನು. ಸರಿಯಾಗಿ ಹಿಡಿದುಕೊಳ್ಳಬಾರದಿತ್ತಾ ಅವಳನ್ನು ಎಂದು ಗದರಿದ್ದಳು.

ಪರೀಕ್ಷಕರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಗೋಡೆಯ ಬೆಂಚಿನ ಮೇಲೆ ತಂಗಿ ಕೂತಿದ್ದಳು, ಮುಖವನ್ನು ಕೆಂಪಗಾಗುವಷ್ಟು ಉಜ್ಜಿ ತೊಳೆದು, ಕೂದಲು ಬಿಗಿಯಾಗಿ ಕಟ್ಟಿ. ಅಕ್ಕನನ್ನು ನೋಡಲಿಲ್ಲ. ನಿನ್ನೆ ಅಕ್ಕ ಹೇಳಿಕೊಟ್ಟದ್ದನ್ನು ಚೆನ್ನಾಗಿ ಮಾಡುತ್ತಿದ್ದಳು: ಅವಳಿಗೆ ಇವಳು ಏನೂ ಆಗಬೇಕಾಗಿರಲಿಲ್ಲ.

"ಬನ್ನಿ, ಕೂತ್ಕೊಳ್ಳಿ" ಎಂದರು ಪರೀಕ್ಷಕರು. ಕೋಟು ಕುರ್ಚಿಯ ಬೆನ್ನಿಗಿತ್ತು. ಕೋಟಿಲ್ಲದೆ ಅವರು ಯಾರದೋ ಮನೆಯ ಸಾಧಾರಣ ಮಾವನಂತೆ ಕಂಡರು. ಅದರಿಂದ ಅವಳ ಹೆದರಿಕೆ ಹೆಚ್ಚಾಯಿತು. "ಇವತ್ತು ಹೇಗೆ ಬಂದ್ರಿ? ಟಿಕೆಟ್ ತಗೊಂಡ್ರಿ ತಾನೇ?"

ಅವರು ಉತ್ತರಕ್ಕೆ ಕಾಯಲಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೆ ಗೊತ್ತಾಗಲಿ ಎಂದಷ್ಟೇ ಕೇಳಿದ್ದರು.

"ನೋಡಿಮ್ಮ, ನಾನೂ ಸಂಸಾರಸ್ಥ. ನಿಮ್ಮ ತಾಪತ್ರಯ ನಂಗೆ ಅರ್ಥ ಆಗಲ್ವಾ? ಇದಕ್ಕೆ ಸಹಿ ಮಾಡಿ, ಪಾಸು ತಗೊಳ್ಳಿ, ಒಂದೂವರೆ ರೈಲಿಗೆ ಮನೆ ಸೇರಿ." ಕಾಗದವನ್ನು ಅವರೇ ಓದಿದರು. ಈ ಕೆಳಗೆ ಸಹಿ ಮಾಡಿರುವ ನಾನು, ನನ್ನ ಪಾಸನ್ನು ಸದರಿ ಅಪರಿಚಿತ ಮಹಿಳೆಯು ನನಗರಿವಿಲ್ಲದಂತೆ ಅಪಹರಿಸಿ, ನನ್ನ ಚಹರೆಯನ್ನು ಅನುಕರಿಸಿ. ಓದುವಾಗ ಅವರ ದನಿ ಪಾಠ ಒಪ್ಪಿಸುವಂತಿತ್ತು. ಅಪರಿಚಿತ ಎನ್ನುವಲ್ಲಿ ತಂಗಿಯ ಹೆಬ್ಬೆರಳು ಬೆಂಚಿನ ಅಂಚನ್ನು ಕೆರೆಯುವುದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಪೆನ್ನು ಅವಳ ಕೈಗೆ ಬಂದಿತ್ತು. ಹೇಗೆ ಬಂತೋ. ಸಹಿ ಮಾಡುವ ಜಾಗದಲ್ಲಿ ಸೀಸದ ಕಡ್ಡಿಯಿಂದ ಒಂದು ಗುರುತು ಹಾಕಿಟ್ಟಿದ್ದರು, ಸಣ್ಣ ಚುಕ್ಕೆ.

"ಸಾಕ್ಷಿಗೆ ಇದೂ ಇದೆ" ಎಂದು ಪರೀಕ್ಷಕರು ಲಕೋಟೆಯಿಂದ ಕಪ್ಪು ಪೆನ್ಸಿಲನ್ನು ತೆಗೆದು ಕಾಗದದ ಪಕ್ಕದಲ್ಲಿಟ್ಟರು. ಅದಕ್ಕೆ ದಾರ ಕಟ್ಟಿ ಚೀಟಿ ಅಂಟಿಸಿದ್ದರು. "ಎಂಥ ತಲೆ ನೋಡಿ. ದಿನಾ ನಿಮ್ಮ ಮುಖ ಬರ್ಕೊಂಡು ಓಡಾಡಿದ್ದಾಳೆ."

ಪೆನ್ಸಿಲಿನ ಹಿಂತುದಿ ಜಜ್ಜಿಹೋಗಿತ್ತು. ಬಣ್ಣ ಎದ್ದು ಕಟ್ಟಿಗೆ ಕಾಣುವಷ್ಟು ಹಲ್ಲಿನ ಗುರುತುಗಳು, ಒಂದರ ಮೇಲೊಂದು, ನಾಲ್ಕು ವರ್ಷದವು. ಅಕ್ಕ ಅದನ್ನೇ ನೋಡಿದಳು. ತಂಗಿಗೆ ಏನನ್ನೂ ಕಚ್ಚುವ ಅಭ್ಯಾಸವಿಲ್ಲ. ತನ್ನ ಮುಂದಿನ ಹಲ್ಲಿನಲ್ಲಿ ಒಂದು ಸ್ವಲ್ಪ ಓರೆಯಾಗಿದೆ. ಕಟ್ಟಿಗೆಯ ಮೇಲಿನ ಗುರುತುಗಳಲ್ಲೂ ಒಂದು ಓರೆ. ಬಾಯಿಯಲ್ಲಿ ಆ ಕಟ್ಟಿಗೆಯ ರುಚಿ ಬಂತು. ಅಂಗೈಗಳಲ್ಲಿ ತಂಗಿಯ ಎರಡು ಕೆನ್ನೆಯ ಬಿಸಿ ಬಂತು. ಅವಳು ಕುರ್ಚಿ ಹಿಂದಕ್ಕೆ ಸರಿಸಿದಾಗ ಮೇಜು ಅಲುಗಿತು. ಚೀಟಿ ಕಟ್ಟಿದ ಪೆನ್ಸಿಲು ಸ್ವಲ್ಪ ಉರುಳಿ ಕಾಗದಕ್ಕೆ ತಾಗಿ ನಿಂತಿತು.

"ಅದು ನಂದು" ಎಂದಳು.

"ಏನು?"

"ಪೆನ್ಸಿಲು. ಮಚ್ಚೆ ಇಡ್ತಿದ್ದೋಳು ನಾನು. ನಿನ್ನೆ ಒಂದು ದಿನ ಇಡಲಿಲ್ಲ."

ಪರೀಕ್ಷಕರು ಬಾಗಿಲ ಕಡೆಗೊಮ್ಮೆ ನೋಡಿದರು. "ನಿನ್ನೆ ಕೇಳಿದಾಗ ಏನೂ ಆಗಬೇಕಾಗಿಲ್ಲ ಅಂದ್ರಿ."

"ತಂಗಿ ಆಗಬೇಕು. ಒಡಹುಟ್ಟಿದೋಳು. ನಿನ್ನೆ ಸುಳ್ಳು ಹೇಳಿದೆ." ದನಿ ತೆಳ್ಳಗೆ, ಯಾವುದೋ ಮಗುವಿನದರಂತೆ ಕೇಳಿಸಿತು. "ಪಾಸು ನಾನೇ ಕೊಟ್ಟೆ. ದಿನಾ ಕೊಡ್ತಿದ್ದೆ. ಇವತ್ತೂ ಟಿಕೆಟ್ ತಗೊಂಡಿಲ್ಲ."

"ಮುಟ್ಠಾಳಿ" ಎಂದಳು ಬೆಂಚಿನಿಂದ ತಂಗಿ, ಮೊದಲ ಸಲ ಅವಳ ಕಡೆ ತಿರುಗಿ. ಕಣ್ಣು ತುಂಬಿತ್ತು, ಸಿಟ್ಟಿನಿಂದ. "ಇಬ್ಬರೂ ಹೋಗೋದಾ ಈಗ? ಸಹಿ ಹಾಕಿ ಎದ್ದು ಹೋಗೇ."

"ಅವಳಿಗಿರೋ ಬುದ್ಧಿ ನಿಮಗಿಲ್ಲ" ಎಂದರು ಪರೀಕ್ಷಕರು. ಅವರ ದನಿಯಲ್ಲಿ ಈಗ ಸಂಸಾರಸ್ಥನಿರಲಿಲ್ಲ. "ಕೆಲಸ ಹೋಗತ್ತೆ. ದಂಡ ಕಟ್ಟೋಕೆ ನಿಮ್ಮಿಂದಾಗಲ್ಲ. ಅಷ್ಟು ಜನರ ಹೊಟ್ಟೆ ಮೇಲೆ ಹೊಡೀತೀರಿ. ಫಾರಂ ತುಂಬಿಯಾಗಿದೆ, ಕೇಸಿನ ನಂಬರೂ ಬಿದ್ದಿದೆ. ಹೊರಗೆ ಹೋಗಿ, ನೀರು ಕುಡಿದು, ಐದು ನಿಮಿಷ ಯೋಚನೆ ಮಾಡಿ ಬನ್ನಿ. ಬಂದು ಸಹಿ ಮಾಡಿ."

ಹೊರಗೆ ಎಂದರೆ ಬಾಗಿಲು, ಬಾಗಿಲಾಚೆ ಬಿಸಿಲು, ಬಿಸಿಲಿನಲ್ಲಿ ಒಂದೂವರೆಯ ರೈಲು ಆಗಲೇ ಬಂದು ನಿಂತಿತ್ತು. ಮೈಯೆಲ್ಲ ಆ ಬಾಗಿಲ ಕಡೆಗೇ ವಾಲಿತು. ಹೆದರಿಕೆ ಎಲ್ಲಿಯೂ ಹೋಗಿರಲಿಲ್ಲ. ಚಪ್ಪಲಿಯೊಳಗೆ ಮುದುಡಿದ ಬೆರಳುಗಳಲ್ಲಿ ಹಾಗೇ ಇತ್ತು. ಅವಳು ಎದ್ದಳು. ಪೆನ್ನಿಗೆ ಮುಚ್ಚಳ ಹಾಕಿದಳು, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಕೂತಿತು. ಬಾಗಿಲ ಕಡೆಗೆ ಹೋಗದೆ ಬೆಂಚಿನ ಕಡೆಗೆ ನಾಲ್ಕು ಹೆಜ್ಜೆ ನಡೆದು ತಂಗಿಯ ಪಕ್ಕದಲ್ಲಿ ಕೂತಳು. ಬೆಂಚು ಗಿಡ್ಡ, ಇಬ್ಬರು ಕೂತರೆ ತೊಡೆಗೆ ತೊಡೆ ತಾಗುತ್ತಿತ್ತು. ಯಾರ ಕಾಲು ನಡುಗುತ್ತಿದೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಹೊರಗೆ ಹೋಗಿ ಅಂದೆ" ಎಂದರು ಪರೀಕ್ಷಕರು.

"ಹೋಗಲ್ಲ."

"ಹೋಗೇ" ಎಂದಳು ತಂಗಿ, ಅವಳ ತೊಡೆ ಚಿವುಟಿ.

"ಹೋಗಲ್ಲ ಕಣೆ."